ನಕ್ಷತ್ರಗಳನ್ನು ಆರಿಸಿದವರು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕೃಷಿಕನಿಗೆ ನಕ್ಷತ್ರವೆಂದರೆ ಮೊದಲಿಗೆ ಮಳೆ. ಜೂನ್ ಕೊನೆಗೆ ಆರಿದ್ರೆ, ಅಕ್ಟೋಬರಿನಲ್ಲಿ ಚಿತ್ತೆ. ಆದರೆ ಆಯಾ ಮಳೆಯ ಕಾಲದಲ್ಲಿ ಸೂರ್ಯನೂ ಅದೇ ದಿಕ್ಕಿನಲ್ಲಿರುವುದರಿಂದ ಆ ನಕ್ಷತ್ರ ಕಣ್ಣಿಗೆ ಬೀಳದು. ಆರಿದ್ರೆಯನ್ನು ನೋಡಬೇಕಾದರೆ ಕಣದಲ್ಲಿ ಕಾಫಿ ಒಣಗುವ ಜನವರಿಯ ರಾತ್ರಿಯೇ ಆಗಬೇಕು. ಅದರ ಬಣ್ಣ ಕೆಂಡದ ಕೆಂಪು. ನಡುರಾತ್ರಿ ಕಳೆದು ಮೂಡುವ ಚಿತ್ತೆಯಾದರೋ ನೀಲಿ ಬೆರೆತ ಬಿಳುಪು.

ಈ ಭೇದವೇಕೆ? ಉತ್ತರ ದೊರೆತ ಬಗೆ ಕಾಫಿಯ ಸೀಮೆಯವರಿಗೆ ಹೊಸದೆನಿಸದು. ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಕಾಳನ್ನು ಗಾತ್ರ ನೋಡಿ ಎ, ಬಿ, ಸಿ ಎಂದು ದರ್ಜೆಮಾಡುತ್ತಾರೆ. ಕಪ್ಪು ಕಾಳು, ಒಡಕು ಕಾಳುಗಳನ್ನು ಹೆಂಗಸರು ಕೈಯಿಂದ ಆರಿಸಿ ತೆಗೆಯುತ್ತಿದ್ದರು. ನಕ್ಷತ್ರಗಳನ್ನು ಅಕ್ಷರಗಳಲ್ಲಿ ದರ್ಜೆಮಾಡಿದವರೂ ಹೆಂಗಸರೇ.

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಮುಖ್ಯಸ್ಥ ಎಡ್ವರ್ಡ್ ಪಿಕರಿಂಗ್, ನಕ್ಷತ್ರಗಳ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಆ ವರ್ಣಪಟಲಗಳ ಚಿತ್ರವನ್ನು ಗಾಜಿನ ಫಲಕಗಳ ಮೇಲೆ ತೆಗೆಸಿದನು. ಅವುಗಳಲ್ಲಿನ ಕಪ್ಪು ಗೆರೆಗಳನ್ನು ಪರೀಕ್ಷಿಸುವ ಕೆಲಸ ಅಲ್ಪ ಸಂಬಳದ ಹೆಂಗಸರ ಪಾಲಿಗೆ ಬಂತು. ಹಿಂದೆ ಪಿಕರಿಂಗನ ಮನೆಗೆಲಸಕ್ಕಿದ್ದ ವಿಲಿಯಮೀನಾ ಫ್ಲೆಮಿಂಗ್, ೧೮೯೦ರ ಪಟ್ಟಿಗಾಗಿ ೧೦,೦೦೦ಕ್ಕೂ ಮಿಕ್ಕ ನಕ್ಷತ್ರಗಳನ್ನು ವಿಂಗಡಿಸಿದಳು. ಜಲಜನಕದ ಗೆರೆ ಅತಿ ದಟ್ಟವಾಗಿದ್ದವಕ್ಕೆ ಎ, ಅನಂತರದವಕ್ಕೆ ಬಿ, ಹೀಗೆ.

ಕಿವಿ ಬಹುಮಟ್ಟಿಗೆ ಕೇಳದಿದ್ದ ಆನಿ ಜಂಪ್ ಕ್ಯಾನನ್ ೧೯೦೧ರಲ್ಲಿ ಈ ಸಾಲನ್ನೇ ಕದಲಿಸಿದಳು. ಗೆರೆಗಳು ಒಂದು ದರ್ಜೆಯಿಂದ ಇನ್ನೊಂದಕ್ಕೆ ಕ್ರಮವಾಗಿ ಮಾರ್ಪಡುವಂತೆ ಜೋಡಿಸಿ, ಅನಗತ್ಯ ಅಕ್ಷರಗಳನ್ನು ಕೈಬಿಟ್ಟಾಗ ಉಳಿದದ್ದು ಓ, ಬಿ, ಎ, ಎಫ್, ಜಿ, ಕೆ, ಎಂ. ೧೯೧೮ರಿಂದ ೧೯೨೪ರವರೆಗೆ ಪ್ರಕಟವಾದ ಪಟ್ಟಿಯಲ್ಲಿ ಆಕೆ ದರ್ಜೆಮಾಡಿದ ನಕ್ಷತ್ರಗಳು ೨,೨೫,೩೦೦.

ಈ ಕ್ರಮದ ಕಾರಣವನ್ನು ಲೆಕ್ಕಹಾಕಿ ತೋರಿಸಿದವರು ನಮ್ಮ ಮೇಘನಾದ ಸಹಾ. ಕಲ್ಕತ್ತೆಯಲ್ಲಿ ಅಧ್ಯಾಪಕರಾಗಿದ್ದ ಅವರ ಸಮೀಕರಣ ೧೯೨೦ರಲ್ಲಿ ಪ್ರಕಟವಾಯಿತು. ಶಾಖ ಏರಿದಂತೆ ಪರಮಾಣು ತನ್ನ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತದೆ. ಗೆರೆಗಳು ಅದರಂತೆ ಬದಲಾಗುತ್ತವೆ. ಜಲಜನಕದ ಗೆರೆ ದಟ್ಟವಾಗುವುದು ಸುಮಾರು ೧೦,೦೦೦ ಕೆಲ್ವಿನ್ ಶಾಖದಲ್ಲಿ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ಅದು ಮಂಕಾಗುವುದು. ಗೆರೆ ಮಂಕಾದ ಮಾತ್ರಕ್ಕೆ ಜಲಜನಕ ಕಡಿಮೆಯೆಂದಲ್ಲ. ಸಹಾ ಅವರ ಸಮೀಕರಣವನ್ನೇ ಹಿಡಿದು ಸಿಸಿಲಿಯಾ ಪೇನ್ ೧೯೨೫ರಲ್ಲಿ ನಕ್ಷತ್ರಗಳಲ್ಲಿ ಜಲಜನಕವೇ ಅತ್ಯಧಿಕವೆಂದು ಕಂಡಳು. ಹಿರಿಯ ವಿಜ್ಞಾನಿಗಳು ಅದನ್ನು ಕೂಡಲೇ ನಂಬಲಿಲ್ಲ.

ಹೀಗೆ ಆರಿದ್ರೆ ಸುಮಾರು ೩,೫೦೦ ಕೆಲ್ವಿನ್ನಿನ ಎಂ ದರ್ಜೆ, ರೋಹಿಣಿ ಕೆ, ನಮ್ಮ ಸೂರ್ಯ ಜಿ, ಚಿತ್ತೆ ೨೦,೦೦೦ವನ್ನೂ ಮೀರಿದ ಬಿ. ಇಂದಿಗೂ ಖಗೋಳಜ್ಞರ ಪಟ್ಟಿಯಲ್ಲಿ ಆರಿದ್ರೆಯ ಸಂಖ್ಯೆ ಎಚ್‌ಡಿ ೩೯೮೦೧. ಎಚ್‌ಡಿ ಎಂದರೆ ಹೆನ್ರಿ ಡ್ರೇಪರ್; ೧೮೮೨ರಲ್ಲೇ ತೀರಿಕೊಂಡ ಆತನ ನೆನಪಿಗಾಗಿ ಆತನ ಪತ್ನಿ ಈ ಕೆಲಸಕ್ಕೆ ಹಣವಿತ್ತಳು. ಒಂದೊಂದಾಗಿ ಕುಳಿತು ಆರಿಸಿದವಳ ಹೆಸರು ಆ ಸಂಖ್ಯೆಯಲ್ಲಿಲ್ಲ. ಆಕೆ ಜೋಡಿಸಿಟ್ಟ ಏಳಕ್ಷರಗಳ ಸಾಲು ಮಾತ್ರ ನಿಂತಿದೆ.