ಶೇರ್ಡ್ ಗವರ್ನೆನ್ಸ್: ಹಂಚಿಕೊಂಡ ಆಡಳಿತ

‘ಗವರ್ನೆನ್ಸ್’ ಪದದ ಬೇರು, ಹಡಗಿನ ಚುಕ್ಕಾಣಿ ಹಿಡಿಯುವುದನ್ನು ಹೇಳುವ ಗ್ರೀಕ್ ಕ್ರಿಯಾಪದದಲ್ಲಿದೆ. ‘ಶೇರ್ಡ್’ ಸೇರಿದ ರೂಪವನ್ನು ನರ್ಸಿಂಗ್ ಕ್ಷೇತ್ರದಲ್ಲಿ ಬೆಳೆಸಿದವರಲ್ಲಿ ಅಮೆರಿಕದ ಟಿಮ್ ಪೋರ್ಟರ್-ಓಗ್ರಾಡಿ ಪ್ರಮುಖರು. ಶಾರನ್ ಫಿನ್ನಿಗನ್ ಜೊತೆ ಅವರು ಬರೆದ ಪುಸ್ತಕ 1984ರಲ್ಲಿ ಬಂತು. ನರ್ಸುಗಳಿಗೆ ಸಮಿತಿಯಲ್ಲಿ ಒಂದು ಕುರ್ಚಿ ಕೊಟ್ಟ ಮಾತ್ರಕ್ಕೆ ಈ ಹೆಸರು ಸಲ್ಲದು; ನಿರ್ಧಾರದ ಅಧಿಕಾರದಲ್ಲೂ ಅವರಿಗೆ ಪಾಲು ಸಿಗಬೇಕು. ರಾಬರ್ಟ್ ಹೆಸ್ ರೂಪಿಸಿದ 86 ಅಂಶಗಳ ಮಾಪಕ ನರ್ಸುಗಳನ್ನೇ ಕೇಳುತ್ತದೆ: ಡ್ಯೂಟಿ ಪಟ್ಟಿ, ಬಜೆಟ್, ಮಾಹಿತಿ ಯಾರ ಕೈಯಲ್ಲಿವೆ? ಅಂಕ 172 ದಾಟದಿದ್ದರೆ, ಎಷ್ಟೇ ಸಮಿತಿಗಳಿರಲಿ, ಅದು ಹಳೆಯ ಆಡಳಿತವೇ. ವಾರ್ಡ್ ಬಿಟ್ಟು ಸಭೆಗೆ ಬರಲು ನರ್ಸುಗಳಿಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನಿಜವೇ. ಆದರೆ ಅದು ಈ ಕಲ್ಪನೆಯ ದೋಷವಲ್ಲ. ಸಭೆಯ ಹೊತ್ತನ್ನು ಡ್ಯೂಟಿಯ ಲೆಕ್ಕಕ್ಕೇ ಹಿಡಿದು, ಆ ವೇಳೆಗೆ ಬದಲಿ ನರ್ಸನ್ನು ಒದಗಿಸಬೇಕಾದದ್ದು ಆಸ್ಪತ್ರೆ.