ಬಳ್ಳಾರಿ ಸೀಮೆಯ ಮನೆಮಗ್ಗ: ಕಂಬಳಿ, ರತ್ನಗಂಬಳಿ ಮತ್ತು ಕಲಿಕೆಯ ಚರಿತ್ರೆ

ಮೇಲ್ಮೈಯಲ್ಲಿ ನೂಲಿನ ಕುಚ್ಚುಗಳು ಒತ್ತಾಗಿ ಎದ್ದು ನಿಂತಿರುವ ನೆಲಹಾಸನ್ನು ಕನ್ನಡದಲ್ಲಿ ‘ರತ್ನಗಂಬಳಿ’ ಎಂದು ಕರೆಯುವ ರೂಢಿಯಿದೆ. ಈ ಹೆಸರು ಗಮನಾರ್ಹವಾದುದು. ಜೈನ ಕಥನಪರಂಪರೆಯಲ್ಲಿ ಬರುವ ‘ರತ್ನಕಂಬಲ’ವು ನೆಲಕ್ಕೆ ಹಾಸುವ ವಸ್ತುವಲ್ಲ, ಹೊದೆಯುವ ವಸ್ತ್ರ. ಸ್ಥೂಲಭದ್ರನ ಕಥೆಯಲ್ಲಿ ಮುನಿಯೊಬ್ಬನು ನೇಪಾಳದಿಂದ ಕಷ್ಟಪಟ್ಟು ತಂದ ಅಂಥ ಕಂಬಳಿಯನ್ನು ಗಣಿಕೆ ಕೋಶೆಯು ಕಾಲೊರೆಸಿ ಬಚ್ಚಲಿಗೆ ಎಸೆಯುತ್ತಾಳೆ. ಹೊದಿಕೆಯ ಹೆಸರು ಹಾಸಿನ ಹೆಸರಾದುದು ಕೇವಲ ಅರ್ಥಪಲ್ಲಟವಲ್ಲ. ಹೊರಗಿನಿಂದ ಬಂದ, ಅರಮನೆ ಮತ್ತು ಸಿರಿವಂತರ ಮನೆಗಳಿಗೆ ಸೇರಿದ ಒಂದು ವಸ್ತುವನ್ನು ಕನ್ನಡ ಜನರು ತಮಗೆ ಚಿರಪರಿಚಿತವಾಗಿದ್ದ ಕಂಬಳಿಯ ಮೂಲಕವೇ ಗುರುತಿಸಿಕೊಂಡರು ಎಂಬುದು ಇದರಿಂದ ತಿಳಿದುಬರುತ್ತದೆ. ಉಣ್ಣೆಗೆ ಕೊರತೆಯಿಲ್ಲದ ಬಳ್ಳಾರಿ ಸೀಮೆಯಲ್ಲಿ ಕಂಬಳಿ ಮನೆಮನೆಯ ಕಸುಬಾಗಿ ಬೆಳೆಯಿತು; ಆದರೆ ಕುಚ್ಚಿನ ಹಾಸು ಆ ಮನೆಗಳಲ್ಲಿ ನೆಲೆಯೂರಲಿಲ್ಲ. ಇದರ ಕಾರಣವನ್ನು ಕಚ್ಚಾವಸ್ತುವಿನಲ್ಲಿ ಹುಡುಕುವುದಕ್ಕಿಂತ, ಕಸುಬನ್ನು ಕಲಿಯುವ ಕ್ರಮದಲ್ಲಿ ಹುಡುಕುವುದು ಹೆಚ್ಚು ಫಲಕಾರಿಯಾದೀತು.

ಈ ಪ್ರದೇಶದ ಪಶುಪಾಲನೆ ಬಹು ಪ್ರಾಚೀನವಾದುದು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರು ನಡೆಸಿದ ಉತ್ಖನನದ ವರದಿ 1965ರಲ್ಲಿ ಪ್ರಕಟವಾಯಿತು. ಅದೂ, ಬಳ್ಳಾರಿಗೆ ಹತ್ತಿರದ ಸಂಗನಕಲ್ಲು ಮತ್ತು ಕುಡತಿನಿಯ ಬೂದಿದಿಬ್ಬಗಳೂ ನವಶಿಲಾಯುಗದ ಜನ ಕಲ್ಲುಗುಡ್ಡಗಳ ನೆರಳಿನಲ್ಲಿ ದನಕರು, ಆಡು-ಕುರಿಗಳೊಡನೆ ನೆಲೆಸಿದ್ದುದನ್ನು ದೃಢಪಡಿಸಿವೆ. ಆ ಕಾಲದ ಕುರಿಗೂ ಇಂದಿನ ಕಂಬಳಿಗೂ ನೇರ ಸಂಬಂಧ ಕಲ್ಪಿಸುವುದು ಅವಸರದ ತೀರ್ಮಾನವಾಗುತ್ತದೆ. ಆದರೂ ಮಳೆ ಕಡಿಮೆಯಿರುವ ಈ ಕರಿನೆಲ ಹಾಗೂ ಕಲ್ಲುಗುಡ್ಡಗಳ ನಾಡಿನಲ್ಲಿ ಬೇಸಾಯದ ಜೊತೆಗೆ ಮಂದೆ ಸದಾ ಇತ್ತು ಎಂಬುದರಲ್ಲಿ ಸಂದೇಹವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿಂದರ ಆಳ್ವಿಕೆಯ ಕೇಂದ್ರವಾಗಿದ್ದ ಕುರುಗೋಡು ಒಣಬೇಸಾಯದ ಹಳ್ಳಿಗಳ ನಡುವಣ ಪಟ್ಟಣ. ತುಂಗಭದ್ರೆಯ ದಡದ ಸಿರುಗುಪ್ಪವಾದರೋ ವಿಜಯನಗರ ಕಾಲದ ಕಾಲುವೆಗಳಿಂದಾಗಿ ಭತ್ತವನ್ನೂ ಕಂಡಿದ್ದ ಊರು. ‘ಬಳ್ಳಾರಿ ಕುರಿ’ ಎಂಬ ಹೆಸರಿನಿಂದಲೇ ಗುರುತಿಸಲ್ಪಟ್ಟ ತಳಿಯ ಉಣ್ಣೆ ಒರಟು, ಕೂದಲು ಬೆರೆತದ್ದು. ಅದು ಶಾಲಿಗೆ ಒಗ್ಗುವುದಿಲ್ಲ. ಕಂಬಳಿಗೂ ನೆಲಹಾಸಿಗೂ ಒಗ್ಗುತ್ತದೆ.

1904ರಲ್ಲಿ ಪ್ರಕಟವಾದ, ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲಾ ಗೆಜೆಟಿಯರು ಕುರುಬರ ಕಂಬಳಿ ನೇಯ್ಗೆಯನ್ನು ಜಿಲ್ಲೆಯ ಕಸುಬುಗಳಲ್ಲಿ ಒಂದಾಗಿ ದಾಖಲಿಸಿದೆ. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿಯವರ 1909ರ ಸಂಪುಟಗಳು ಕುರುಬರಲ್ಲಿ ‘ಹತ್ತಿಕಂಕಣ’, ‘ಉಣ್ಣೆಕಂಕಣ’ ಎಂಬ ಒಳಭೇದವನ್ನು ಹೇಳುತ್ತವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರ ಯಾವುದೆಂಬುದೇ ಇಲ್ಲಿ ಕುಲವನ್ನು ಸೂಚಿಸುತ್ತದೆ. ಹತ್ತಿ ಬೆಳೆಯುವ ಕರಿಮಣ್ಣಿನಲ್ಲಿ ಕುರಿ ಮೇಯಿಸಿದ ಜನರ ಬದುಕಿನ ಎರಡು ನೂಲುಗಳೂ ಈ ಹೆಸರುಗಳಲ್ಲಿ ಕಾಣಿಸುತ್ತವೆ. ಕುಲದ ಪಂಚಾಯಿತಿಯಲ್ಲಿ ಕರಿಕಂಬಳಿ ಹಾಸಿ ಗದ್ದುಗೆ ಮಾಡುವ ಪದ್ಧತಿಯಾಗಲಿ, ಮೈಲಾರಲಿಂಗನ ಗೊರವರು ತೊಡುವ ಕಂಬಳಿಯ ನಿಲುವಂಗಿಯಾಗಲಿ ಈ ವಸ್ತುವಿಗಿದ್ದ ಗೌರವಕ್ಕೆ ಸಾಕ್ಷಿ. ದಿನಬಳಕೆಯಲ್ಲಂತೂ ಕಂಬಳಿ ಮಳೆಗೆ ಕೊಪ್ಪೆಯಾಗಿ, ಚಳಿಗೆ ಹೊದಿಕೆಯಾಗಿ, ಕಣದಲ್ಲಿ ಕಾಳು ಒಣಗಿಸುವ ಹಾಸಾಗಿ, ನೆಂಟರಿಗೆ ಕೂರುವ ಆಸನವಾಗಿ ದುಡಿಯಿತು. ಇಷ್ಟು ಕೆಲಸಗಳಿಗೆ ಒದಗಬೇಕಾದ ವಸ್ತುವಿಗೆ ಕುಚ್ಚು ಹೊರೆಯೇ ಸರಿ. ಮಡಚಿ ಹೆಗಲ ಮೇಲೆ ಹಾಕಿಕೊಳ್ಳಲು ಬಾರದ ಹಾಸನ್ನು ಕುರಿಗಾಹಿಯು ಏನು ಮಾಡಿಯಾನು?

ಕಂಬಳಿ ತಯಾರಾಗುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ. ಕುರಿಗಳ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿಸಲಾಗುತ್ತದೆ. ಕತ್ತರಿಸಿದ ಉಣ್ಣೆಯನ್ನು ಕಪ್ಪು, ಕಂದು, ಬಿಳಿ ಎಂದು ಬೇರ್ಪಡಿಸಿ, ಅಂಟಿಕೊಂಡ ಮುಳ್ಳು, ಕಸ, ಮಣ್ಣನ್ನು ಹೆಕ್ಕಿ ತೆಗೆಯಬೇಕು. ಬಣ್ಣ ಹಾಕುವ ಪದ್ಧತಿ ವಿರಳ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಅನಂತರ ಬಿಲ್ಲಿನ ನಾರಿಯನ್ನು ಮಿಡಿದು ಉಣ್ಣೆಯನ್ನು ಹಿಂಜಿ, ಹಂಜಿ ಮಾಡಿ, ರಾಟೆಯಲ್ಲಿ ನೂಲುತ್ತಾರೆ. ನೂತ ಎಳೆಯನ್ನು ಹಾಸಿಗೆ ಬೇಕಾದ ಉದ್ದಕ್ಕೆ ಬೀದಿಯಲ್ಲಿ ಗೂಟಗಳ ನಡುವೆ ಎಳೆದು ಕಟ್ಟಿ, ಅದಕ್ಕೆ ಹುಣಸೆಬೀಜದ ಗಂಜಿ ಹಚ್ಚುವುದು ಮುಂದಿನ ಕೆಲಸ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಮಾಡಿದ ಈ ಗಂಜಿಯನ್ನು ಕುಂಚದಿಂದ ಎಳೆಗಳ ಉದ್ದಕ್ಕೂ ಸವರುತ್ತಾ ಹೋಗಬೇಕು. ಒರಟು ಉಣ್ಣೆಯ ಎದ್ದ ಕೂದಲುಗಳನ್ನು ಅದು ಕೂರಿಸುತ್ತದೆ, ಎಳೆಗೆ ಬಲ ಕೊಡುತ್ತದೆ. ಗಂಜಿ ತೆಳುವಾದರೆ ಎಳೆ ಮಗ್ಗದ ಮೇಲೆ ಹರಿಯುತ್ತದೆ. ದಪ್ಪವಾದರೆ ಒಂದಕ್ಕೊಂದು ಅಂಟುತ್ತದೆ. ಬಿಸಿಲು ಬೇಕೇ ಬೇಕು. ಆದ್ದರಿಂದ ಮಳೆಗಾಲದಲ್ಲಿ ಈ ಹಂತವೇ ನಿಲ್ಲುತ್ತಿತ್ತು. ಕೊನೆಗೆ ಕುಳಿಮಗ್ಗದಲ್ಲಿ ಕುಳಿತು ಹಾಸಿನ ನಡುವೆ ಹೊಕ್ಕಿನ ಎಳೆಯನ್ನು ಸೇರಿಸಿ ಬಡಿದು ನೇಯುವುದು. ‘ಹಾಸುಹೊಕ್ಕು’ ಎಂಬ ಮಾತು ಕನ್ನಡದಲ್ಲಿ ಬಿಡಿಸಲಾಗದ ಹೊಂದಾಣಿಕೆಯನ್ನು ಸೂಚಿಸುವುದು ಈ ಮಗ್ಗದಿಂದಲೇ.

ಇಡೀ ಕೆಲಸದಲ್ಲಿ ಮಗ್ಗದ ಪಾಲು ಅಲ್ಪ ಎಂಬುದನ್ನು ಗಮನಿಸಬೇಕು. ಕಂಬಳಿಯನ್ನು ‘ನೇಯ್ದವನು’ ಗಂಡಸು ಎಂದು ದಾಖಲೆಗಳು ಹೇಳುತ್ತವೆ. ಆದರೆ ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವು ರಾಟೆಗಳು ಬೇಕು, ಮತ್ತು ರಾಟೆಯ ಮುಂದೆ ಕುಳಿತವರು ಹೆಂಗಸರು. ಉಣ್ಣೆ ಹೆಕ್ಕುವುದು ಮಕ್ಕಳ ಮತ್ತು ವೃದ್ಧರ ಪಾಲಿನದು. ಗಂಜಿ ಹಚ್ಚುವಾಗ ಮನೆಯವರು ಸಾಲದೆ ಓಣಿಯವರೂ ಕೈಗೂಡಿಸಬೇಕಾಗಿತ್ತು. ಅಂದರೆ ಇಲ್ಲಿ ಕುಶಲತೆ ಯಾವೊಬ್ಬ ವ್ಯಕ್ತಿಯಲ್ಲೂ ಪೂರ್ತಿಯಾಗಿ ನೆಲೆಸಿರಲಿಲ್ಲ. ಅದು ಮನೆಯಲ್ಲಿ ನೆಲೆಸಿತ್ತು. ಹೊಸಬರು ಕಲಿಯುವುದೂ ಹಾಗೆಯೇ. ಕಸ ಹೆಕ್ಕುವ ಮಗುವಿಗೆ ಉಣ್ಣೆಯ ಗುಣ ಕೈಬೆರಳಿಗೆ ಗೊತ್ತಾಗುತ್ತಿತ್ತು. ಹಂಜಿಯಿಂದ ಮೊದಲು ಎಳೆದ ನೂಲು ಗಂಟುಗಂಟಾದರೂ ಹೊಕ್ಕಿಗೆ ಸಲ್ಲುತ್ತಿತ್ತು. ಹಾಸಿನ ಎಳೆಗೆ ಮಾತ್ರ ಪಳಗಿದ ಕೈಯ ನೂಲೇ ಆಗಬೇಕು. ಕಲಿಯುವವರ ತಪ್ಪಿಗೂ ಬಟ್ಟೆಯೊಳಗೆ ಒಂದು ಜಾಗವಿತ್ತು ಎಂದು ಇದನ್ನು ಅರ್ಥೈಸಬಹುದು. ಸೊಸೆಯಾಗಿ ಬಂದ ಹೆಣ್ಣು ತವರಿನ ಕೈಯನ್ನು ತಂದು ಅತ್ತೆಯ ರಾಟೆಯಲ್ಲಿ ಪಳಗಿಸಿಕೊಳ್ಳುತ್ತಿದ್ದಳು. ಶಾಲೆಯಿಲ್ಲ, ಗುರುವಿಲ್ಲ, ಬರೆದಿಟ್ಟ ಕ್ರಮವಿಲ್ಲ.

ರತ್ನಗಂಬಳಿಯ ಕಲಿಕೆ ಇದಕ್ಕೆ ತೀರ ಭಿನ್ನ. ಹೆನ್ರಿ ಟಿ. ಹ್ಯಾರಿಸ್ ದಕ್ಷಿಣ ಭಾರತದ ರತ್ನಗಂಬಳಿ ಉದ್ಯಮವನ್ನು ಕುರಿತು ಬರೆದ 1908ರ ಪ್ರಬಂಧದಿಂದ ಏಲೂರು, ವಾರಂಗಲ್, ಬೆಂಗಳೂರು ಮೊದಲಾದ ಕೇಂದ್ರಗಳ ಸ್ಥಿತಿ ತಿಳಿಯುತ್ತದೆ. ಏಲೂರಿನ ನೇಕಾರರ ಮೂಲವನ್ನು ಪರಂಪರೆಯು ಪರ್ಷಿಯಾದಿಂದ ಬಂದವರಿಗೆ ಜೋಡಿಸುತ್ತದೆ. ಇಲ್ಲಿ ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳಿಗೆ ಒಂದೊಂದೇ ಗಂಟು ಹಾಕಿ, ತುದಿ ಕತ್ತರಿಸಿ ಕುಚ್ಚು ಮಾಡುತ್ತಾರೆ. ಗಂಟು ಒಂದೇ ಬಗೆಯದು. ಬದಲಾಗುವುದು ಬಣ್ಣ ಮಾತ್ರ. ಚಿತ್ರವನ್ನು ಒಬ್ಬನು ಓದಿ ಹೇಳಿದರೆ ಉಳಿದವರು ಗಂಟು ಹಾಕುತ್ತಾ ಹೋಗಬಹುದು. ಈ ಕಾರಣದಿಂದಲೇ ಹತ್ತೊಂಬತ್ತನೆಯ ಶತಮಾನದ ವಸಾಹತು ಆಡಳಿತವು ಆಗ್ರಾ, ಲಾಹೋರ್, ಯೆರವಡ ಮುಂತಾದ ಜೈಲುಗಳಲ್ಲಿ ರತ್ನಗಂಬಳಿ ನೇಯಿಸಲು ಸಾಧ್ಯವಾಯಿತು. ಕಸುಬಿನ ಮನೆತನವಿಲ್ಲದ ಕೈದಿಗೂ ಅದನ್ನು ಕಲಿಸಬಹುದಿತ್ತು. ಕಂಬಳಿಯನ್ನು ಹೀಗೆ ಮನೆತನದಿಂದ ಬೇರ್ಪಡಿಸಿ ಕಲಿಸುವುದು ಸುಲಭವಿರಲಿಲ್ಲ.

ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ನೆಲಹಾಸಿನ ಪಟ್ಟಣವೊಂದು ಇರಲಿಲ್ಲವೆಂದಲ್ಲ. ಆದೋನಿಯ ಹತ್ತಿಯ ಜಮಖಾನೆಗಳು ಬ್ರಿಟಿಷ್ ಕಾಲದ ಗೆಜೆಟಿಯರುಗಳಲ್ಲಿ ಬಾಳಿಕೆಗೆ ಹೆಸರಾಗಿವೆ. ಇವು ಕುಚ್ಚಿಲ್ಲದ, ಪಟ್ಟೆಗಳ ಹಾಸುಗಳು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಸೀಮೆಯ ಭಾಗವಾಗಿ ಆದೋನಿ, ಸಿರುಗುಪ್ಪ, ಬಳ್ಳಾರಿಗಳು ದೀರ್ಘಕಾಲ ಒಂದೇ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಗಡಿಯ ಚರ್ಚೆಯಲ್ಲಿ ಭಾಷೆ ಮತ್ತು ತುಂಗಭದ್ರೆಯ ನೀರು ಮುಖ್ಯವಾದವು. ಕಸುಬುಗಳ ಮಾತು ಬಂದಂತಿಲ್ಲ. ಪರಿಣಾಮವಾಗಿ ಬಳ್ಳಾರಿಯ ಜವಳಿ ಚರಿತ್ರೆ ಬರೆಯುವಾಗ ಆದೋನಿ ಹೊರಗುಳಿಯುವುದೂ, ಅಲ್ಲಿಯ ಚರಿತ್ರೆಯಲ್ಲಿ ಬಳ್ಳಾರಿ ಕಾಣಿಸದಿರುವುದೂ ನಡೆದಿದೆ. ಕರ್ನಾಟಕದೊಳಗೆ ಜಮಖಾನೆಗೆ ಈಗ ಹೆಸರಾಗಿರುವುದು ಧಾರವಾಡ ಜಿಲ್ಲೆಯ ನವಲಗುಂದ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಆ ಜಮಖಾನೆಯನ್ನು ಮನೆಯೊಳಗಿನ ನಿಲುಮಗ್ಗದಲ್ಲಿ ನೇಯುವವರು ಮಹಿಳೆಯರು.

ಮನೆಯಲ್ಲಿ ಒಬ್ಬರೇ ಕುಳಿತು ಕುಚ್ಚಿನ ಹಾಸು ಮಾಡುವ ವಿಧಾನದ ಚರಿತ್ರೆ ಆರಂಭವಾಗುವುದು ಬೇರೊಂದು ಖಂಡದಲ್ಲಿ. ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಬಳಿ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ 1895ರಲ್ಲಿ ಹಳೆಯ ಹೊದಿಕೆಯೊಂದರ ಮಾದರಿ ನೋಡಿ, ಬಟ್ಟೆಗೆ ದಪ್ಪ ನೂಲು ಚುಚ್ಚಿ ಕುಚ್ಚು ಬಿಡಿಸಿದಳು. ಬಿಸಿನೀರಿನಲ್ಲಿ ತೊಳೆದಾಗ ಬಟ್ಟೆ ಕುಗ್ಗಿ ಕುಚ್ಚುಗಳನ್ನು ಹಿಡಿದುಕೊಂಡಿತು. 1900ರಲ್ಲಿ ಅಂಥ ಹೊದಿಕೆಯೊಂದು ಎರಡೂವರೆ ಡಾಲರಿಗೆ ಮಾರಾಟವಾಯಿತು. ಸುತ್ತಲ ಮನೆಗಳಿಗೆ ಹಬ್ಬಿದ ಈ ಕೈಗೆಲಸವನ್ನು ಮುಂದೆ ಯಂತ್ರ ವಹಿಸಿಕೊಂಡಿತು. ಇಂದು ಹೊಸಬರೂ ಮಾಡುವ ಹಾಸಿನ ಕ್ರಮ ಇದರ ಮುಂದುವರಿಕೆ: ಚೌಕಟ್ಟಿಗೆ ಬಿಗಿದ ಬಟ್ಟೆಯ ಹಿಂಬದಿಯಲ್ಲಿ ಚಿತ್ರವನ್ನು ಕನ್ನಡಿಬಿಂಬದಂತೆ ತಿರುವು ಮುರುವಾಗಿ ಬರೆದು, ಕೈಸೂಜಿಯಿಂದಲೋ ವಿದ್ಯುತ್ ಉಪಕರಣದಿಂದಲೋ ನೂಲು ಚುಚ್ಚಿ, ಹಿಂಬದಿಗೆ ರಬ್ಬರ್ ಅಂಟು ಬಳಿದು, ಮತ್ತೊಂದು ಬಟ್ಟೆ ಅಂಟಿಸಿ, ಮುಂಬದಿಯ ಕುಚ್ಚನ್ನು ಕತ್ತರಿಯಿಂದ ಸಮಮಾಡುವುದು. ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕಂಬಳಿಯಲ್ಲಿ ಇಡೀ ಮನೆ ಮಾಡುತ್ತಿದ್ದ ಬಂಧದ ಕೆಲಸವನ್ನು ಇಲ್ಲಿ ಅಂಗಡಿಯ ಬಟ್ಟೆ ಮತ್ತು ಅಂಟು ಮಾಡುತ್ತವೆ. ಆದುದರಿಂದಲೇ ಅದನ್ನು ಒಬ್ಬರೇ, ಒಂದು ಕೋಣೆಯಲ್ಲಿ, ಕೆಲವೇ ದಿನಗಳಲ್ಲಿ ಕಲಿಯಲು ಸಾಧ್ಯ.

ಬಳ್ಳಾರಿ ಸೀಮೆಯ ಕಂಬಳಿಯ ಇಳಿಮುಖಕ್ಕೆ ಗಿರಣಿಯ ಹೊದಿಕೆಗಳನ್ನೇ, ಅದರಲ್ಲೂ ಹಳೆಯ ಉಣ್ಣೆಬಟ್ಟೆಯನ್ನು ಹಿಂಜಿ ಪಾಣಿಪತ್ತಿನಲ್ಲಿ ತಯಾರಿಸುವ ಅಗ್ಗದ ಹೊದಿಕೆಗಳನ್ನು, ಕಾರಣವಾಗಿ ಹೇಳುವುದು ವಾಡಿಕೆ. ಅದು ನಿಜವೇ, ಆದರೆ ಅರ್ಧ ಮಾತ್ರ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಬಳಿಕ ಬಲದಂಡೆಯ ಕಾಲುವೆಗಳು ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಹೊಲಗಳಿಗೆ ನೀರು ತಂದವು. ಬೀಳುಭೂಮಿ ಗದ್ದೆಯಾಯಿತು, ಮೇವಿನ ನೆಲ ಕುಗ್ಗಿತು. ರಾಟೆಯ ಮುಂದಿದ್ದ ಹೆಣ್ಣಿಗೆ ನಾಟಿ ಮತ್ತು ಕಳೆಯ ಕೂಲಿ ದೊರೆಯಿತು. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆಯ ಉದ್ಯಮ ಬೆಳೆದು, ಬಿಡಿಬಿಡಿ ಕೆಲಸಗಳು ಮನೆಗಳಿಗೂ ಬಂದವು. ದಿನಗಟ್ಟಲೆ ನೂತ ಉಣ್ಣೆಗೆ ಸಿಗುವುದಕ್ಕಿಂತ ಇವುಗಳ ಕೂಲಿ ಖಚಿತ. ಹೆಣ್ಣುಮಕ್ಕಳು ರಾಟೆ ಬಿಟ್ಟುದನ್ನು ಪರಂಪರೆಯ ನಷ್ಟವೆಂದು ಮಾತ್ರ ಬರೆಯುವುದು ನ್ಯಾಯವಲ್ಲ. ಆ ದುಡಿಮೆಗೆ ಮನೆಯೊಳಗೆ ಬೆಲೆಯೇ ಕಟ್ಟಿರಲಿಲ್ಲ. ಹೀಗೆ ಮೊದಲು ನಿಂತದ್ದು ಮಗ್ಗವಲ್ಲ, ರಾಟೆ. ನೂಲಿಲ್ಲದ ಮಗ್ಗ ಅನಂತರ ತಾನಾಗಿ ನಿಂತಿತು.

ಕುರಿಯೂ ಬದಲಾಗಿದೆ. ಮಾಂಸದ ಬೆಲೆ ಏರಿದಂತೆ ಉಣ್ಣೆ ಕಡಿಮೆಯಿರುವ ತಳಿಗಳಿಗೆ ಒಲವು ಹೆಚ್ಚಿತು. ಉಣ್ಣೆಯ ಕುರಿ ಸಾಕಿದವರಿಗೆ ಕತ್ತರಿಸುವ ಕೂಲಿಯೇ ಹೊರೆಯಾಯಿತು. ಕುರಿ ಸಾಕಣೆಗೆ ಹೆಸರಾದ ಕೂಡ್ಲಿಗಿ, ಹಡಗಲಿ ಮುಂತಾದ ಪಶ್ಚಿಮದ ತಾಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. 1953ರಲ್ಲಿ ಜಮಖಾನೆಯ ಪಟ್ಟಣವನ್ನು ಕಳೆದುಕೊಂಡ ಜಿಲ್ಲೆ ಈಗ ಕಂಬಳಿಯ ಸೀಮೆಯ ಬಹುಭಾಗವನ್ನೂ ಕಾಗದದ ಮೇಲೆ ಕಳೆದುಕೊಂಡಿದೆ. ಕುಚ್ಚಿನ ಹಾಸಿಗೆ ಈ ಒರಟು ಉಣ್ಣೆಯನ್ನು ಬಳಸಬಹುದೆಂಬ ಸಲಹೆಯಲ್ಲಿ ಹುರುಳಿದೆ, ಏಕೆಂದರೆ ಕಾಲಡಿಯ ತುಳಿತಕ್ಕೆ ಒರಟು ಎಳೆಯೇ ತಾಳುತ್ತದೆ. ಆದರೆ ಯಂತ್ರದ ಸೂಜಿಗೆ ಒಂದೇ ಸಮನಾದ, ಕಡಿಯದ ನೂಲು ಬೇಕು. ರಾಟೆಯ ನೂಲಿನ ದಪ್ಪ-ಸಣ್ಣ ಎಳೆ ಅದರ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಸೂಜಿಯಾದರೆ ಸಾಗೀತು. ಆಗಲೂ ಮೊದಲ ಪ್ರಶ್ನೆ ಹಾಸು ಮಾಡುವವರು ಯಾರೆಂಬುದಲ್ಲ, ನೂಲುವವರು ಯಾರು ಮತ್ತು ಅವರಿಗೆ ಸಲ್ಲುವ ಕೂಲಿ ಎಷ್ಟು ಎಂಬುದು. ಸಿರುಗುಪ್ಪದ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿಹಿಂಡನ್ನು ರಾತ್ರಿ ನಿಲ್ಲಿಸುವ ರೂಢಿ ಉಳಿದಿದೆ. ರೈತನು ಹಿಂಡಿನವನಿಗೆ ಹಿಕ್ಕೆಯ ಗೊಬ್ಬರಕ್ಕಾಗಿ ಪ್ರತಿಫಲ ಕೊಡುತ್ತಾನೆ. ಅದೇ ಕುರಿಗಳ ಉಣ್ಣೆಯನ್ನು ಕೇಳುವವರು ವಿರಳ.