ರಕ್ತ ತೊಳೆಯಲು ಬೇಕಾದ ದಾರಿ

ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಯೂರಿಯಾ ಮೊದಲಾದ ಕಲ್ಮಶಗಳು ಸೇರುತ್ತಲೇ ಹೋಗುತ್ತವೆ. 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ, ವೈದ್ಯ ವಿಲ್ಲೆಮ್ ಕೋಲ್ಫ್ ಇವನ್ನು ತೊಳೆದು ತೆಗೆಯುವ ಯಂತ್ರ ಕಟ್ಟಿದರು. ಸಾಸೇಜಿನ ಮಾಂಸಕ್ಕೆ ಹೊದಿಸುವ ಸೆಲ್ಲೋಫೇನ್ ಕೊಳವೆಯನ್ನು ದೊಡ್ಡ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕೊಳವೆಯೊಳಗೆ ಹರಿದ ರಕ್ತದಿಂದ ಯೂರಿಯಾ ಸೂಕ್ಷ್ಮ ರಂಧ್ರಗಳ ಮೂಲಕ ನೀರಿಗಿಳಿಯಿತು. ರಕ್ತಕಣ, ಪ್ರೋಟೀನುಗಳು ಒಳಗೇ ಉಳಿದವು.

ಮೊದಲ ರೋಗಿ 29 ವರ್ಷದ ಮಹಿಳೆ. ಯಂತ್ರವೇನೋ ಕೆಲಸ ಮಾಡಿತು. ಆದರೆ ಪ್ರತಿ ಸಲವೂ ಹೊಸ ರಕ್ತನಾಳ ಬೇಕು! ಹನ್ನೆರಡು ಬಾರಿ ತೊಳೆಯುವಷ್ಟರಲ್ಲಿ ಚುಚ್ಚಲು ನಾಳವೇ ಉಳಿಯಲಿಲ್ಲ. ಆಕೆ ತೀರಿಕೊಂಡರು.

ದೀರ್ಘಕಾಲದ ರೋಗಿಗಳು ಇನ್ನೂ 17 ವರ್ಷ ಕಾಯಬೇಕಾಯಿತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನ ಅಪಧಮನಿ, ಅಭಿಧಮನಿಗಳೆರಡನ್ನೂ ಲಾಳದಂತೆ ಬಾಗಿಸಿದ ಟೆಫ್ಲಾನ್ ಕೊಳವೆಯಿಂದ ಜೋಡಿಸಿ ಹಾಗೆಯೇ ಬಿಟ್ಟರು. ಟೆಫ್ಲಾನಿನಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟದು. ಅದನ್ನು ಮೊದಲು ಹಾಕಿಸಿಕೊಂಡ ಕಾರ್ಖಾನೆ ಕೆಲಸಗಾರ 11 ವರ್ಷ ಬದುಕಿದ.

ದಾರಿ ಸಿಕ್ಕಿತು, ಯಂತ್ರಗಳು ಸಾಲದಾದವು. 1962ರ ಸಿಯಾಟಲ್‌ನಲ್ಲಿ ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಎಂಬುದನ್ನು ತೀರ್ಮಾನಿಸುತ್ತಿದ್ದುದು 7 ಮಂದಿಯ ಒಂದು ಸಮಿತಿ. ಅದರಲ್ಲಿ ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಗೃಹಿಣಿಯೂ ಇದ್ದರು.